ಕಾಣದ್ದು ಬೇರೆ, ಇಲ್ಲದ್ದು ಬೇರೆ

2009ರ ಮಾರ್ಚ್ 6ರ ಮಧ್ಯಾಹ್ನ ಬಿಡದಿ ಬಳಿಯ ಶೇಷಗಿರಿಹಳ್ಳಿಯ ಬಯಲಿಗೆ ಒಂದು ವಿಮಾನ ಬಿದ್ದು ಉರಿದುಹೋಯಿತು. ಬೈರಮಂಗಲದ ಕೆರೆಗೂ ಆ ಬಯಲಿಗೂ ಹೆಚ್ಚು ದೂರವಿಲ್ಲ. ಬಿದ್ದದ್ದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ ‘ಸಾರಸ್’ ವಿಮಾನದ ಎರಡನೆಯ ಮಾದರಿ. ಹದಿನಾಲ್ಕು ಜನ ಕೂರಬಹುದಾದ, ಎರಡು ಎಂಜಿನ್‌ಗಳ ಸಣ್ಣ ವಿಮಾನ. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ತೀರಿಕೊಂಡರು. ಅವರು ಅಂದು ಮಾಡುತ್ತಿದ್ದ ಪರೀಕ್ಷೆ ಇಷ್ಟು: ಸಮುದ್ರಮಟ್ಟದಿಂದ ಸುಮಾರು 9000 ಅಡಿ ಎತ್ತರದಲ್ಲಿ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸುವುದು, ಮತ್ತೆ ಹೊತ್ತಿಸುವುದು. ಮುಂದೊಂದು ದಿನ ಯಾರದೋ ವಿಮಾನದಲ್ಲಿ ಎಂಜಿನ್ ತಾನಾಗಿ ನಿಂತಾಗ ಏನು ಮಾಡಬೇಕೆಂದು ತಿಳಿದಿರಲಿ ಎಂದು ಮೂವರು ಅದನ್ನು ತಾವಾಗಿ ನಿಲ್ಲಿಸಿ ನೋಡಿದರು. ಇಂಥ ಸಾವಿನ ಸುದ್ದಿ ಕೇಳಿದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಅವರ ಆಯಸ್ಸು ಅಷ್ಟೇ ಇತ್ತು’ ಎಂಬುದು. ಎರಡನೆಯದು ‘ಪೈಲಟ್ ಎಲ್ಲೋ ತಪ್ಪು ಮಾಡಿರಬೇಕು’ ಎಂಬುದು. ಒಂದು ಆಸ್ತಿಕರ ಮಾತಿನಂತೆ, ಇನ್ನೊಂದು ಲೋಕಾನುಭವಿಗಳ ಮಾತಿನಂತೆ ಕೇಳಿಸುತ್ತದೆ. ಎರಡೂ ಒಂದೇ ಅವಸರದಿಂದ ಹುಟ್ಟಿದವು ಎಂದೂ, ಕಾರಣ ಸಿಗದಿದ್ದಾಗ ‘ಸಿಗಲಿಲ್ಲ’ ಎಂದಷ್ಟೇ ಹೇಳಿ ನಿಲ್ಲುವುದು ಆ ಎರಡಕ್ಕಿಂತ ಹೆಚ್ಚು ಧಾರ್ಮಿಕವಾದ ನಡೆ ಎಂದೂ ನಾನು ವಾದಿಸುತ್ತೇನೆ. ಹಾಗೆ ನಿಲ್ಲುವುದಕ್ಕೆ ಬೇಕಾದ ಶಿಸ್ತನ್ನು ನಮ್ಮ ದರ್ಶನಗಳು ವಿಮಾನ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಕಟ್ಟಿಕೊಟ್ಟಿವೆ.

ಸಾರಸ್ ವಿಷಯದಲ್ಲಿ ಕಾರಣ ಸಿಕ್ಕಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ಹೇಳಿದ್ದೇನೆಂದರೆ, ಎಂಜಿನ್ ಮತ್ತೆ ಹೊತ್ತಿಸಲು ವಿನ್ಯಾಸಕರು ರೂಪಿಸಿಕೊಟ್ಟ ಕ್ರಮವೇ ಸರಿಯಿರಲಿಲ್ಲ. ಅದನ್ನು ಸಾಕಷ್ಟು ಎತ್ತರವಿಲ್ಲದ ಕಡೆ ಅನುಸರಿಸಿದ್ದರಿಂದ ವಿಮಾನ ವೇಗವಾಗಿ ಎತ್ತರ ಕಳೆದುಕೊಂಡು ಹತೋಟಿ ತಪ್ಪಿತು. ಪ್ರೊಪೆಲ್ಲರ್ ತಯಾರಿಸಿದವರನ್ನು ಕೇಳದೆಯೇ ಆ ಕ್ರಮ ರೂಪಿಸಲಾಗಿತ್ತು ಎಂಬುದು ವರದಿ ಎತ್ತಿ ತೋರಿಸಿದ ಸಂಗತಿಗಳಲ್ಲಿ ಒಂದು. ಮೊದಲ ಯತ್ನ ಫಲಿಸದಿದ್ದಾಗ ಹಾರಾಟವನ್ನು ಅಲ್ಲಿಗೇ ಕೈಬಿಡಲಿಲ್ಲ, ಕಾಕ್‌ಪಿಟ್‌ನೊಳಗಿನ ಹೊಂದಾಣಿಕೆ ಸಾಲದಾಯಿತು ಎಂದೂ ಅದು ಹೇಳಿತು. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಅಲಗುಗಳನ್ನು ಗಾಳಿಗೆ ಅಂಚು ತೋರುವಂತೆ ತಿರುಗಿಸಿಟ್ಟರೆ ಅಡ್ಡಿ ಕಡಿಮೆ. ಮತ್ತೆ ಹೊತ್ತಿಸಲು ಅವನ್ನು ಬಿಚ್ಚಿದಾಗ ಎಂಜಿನ್ ಕೂಡಲೇ ಹಿಡಿದುಕೊಳ್ಳದಿದ್ದರೆ ಅದೇ ಪ್ರೊಪೆಲ್ಲರ್ ಗಾಳಿಗೆ ಅಡ್ಡ ಹಿಡಿದ ತಟ್ಟೆಯಂತಾಗಿ ವಿಮಾನವನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಇಲ್ಲಿನ ನೆಲವೇ ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮೇಲಿದೆ. 9000 ಎಂಬ ಸಂಖ್ಯೆ ಕೇಳಲು ದೊಡ್ಡದಾದರೂ ಪೈಲಟ್ ಕೈಯಲ್ಲಿ ಉಳಿಯುವ ಹೊತ್ತು ದೊಡ್ಡದಲ್ಲ. ಈ ತನಿಖೆಗೆ ಆಧಾರವಾಗಿ ಹಾರಾಟದ ದಾಖಲಾದ ಮಾಹಿತಿಯಿತ್ತು, ನೆಲದಲ್ಲಿ ಕುಳಿತು ನೋಡುತ್ತಿದ್ದ ತಜ್ಞರಿದ್ದರು. ಪರೀಕ್ಷಾ ಹಾರಾಟವೆಂದರೆ ಸಾಕ್ಷಿಗಳ ನಡುವೆ ನಡೆಯುವ ಹಾರಾಟ.

ಖಾಸಗಿ ಸಣ್ಣ ವಿಮಾನಕ್ಕೆ ಆ ಭಾಗ್ಯವಿಲ್ಲ. ಜಕ್ಕೂರಿನಂಥ ಸಣ್ಣ ನಿಲ್ದಾಣದಿಂದ ಮೇಲೇಳುವ ಒಂಟಿ ಎಂಜಿನ್ನಿನ ಎರಡು ಅಥವಾ ನಾಲ್ಕು ಆಸನದ ವಿಮಾನಗಳಲ್ಲಿ ಸಾಮಾನ್ಯವಾಗಿ ಕಪ್ಪುಪೆಟ್ಟಿಗೆ ಇರುವುದಿಲ್ಲ. ಎಂಜಿನ್ ಸೊರಗಿದರೆ ಕೆಳಗೆ ಸಿಕ್ಕ ಹೊಲವೇ ರನ್‌ವೇ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ಇಂಥ ಕಡೆ ತನಿಖೆಗೆ ಬಂದವರ ಮುಂದೆ ಇರುವುದು ಮೂಕ ಲೋಹ. ಅವರು ಅದನ್ನು ಮಾತಾಡಿಸುವ ರೀತಿ ತಾಳ್ಮೆಯದು. ಪ್ರೊಪೆಲ್ಲರ್ ಅಲಗು ಹೇಗೆ ಬಾಗಿದೆ ನೋಡುತ್ತಾರೆ: ಶಕ್ತಿಯಿಂದ ತಿರುಗುತ್ತಿದ್ದರೆ ಅಲಗು ತಿರುಚಿಕೊಂಡು ಅಡ್ಡ ಗೀರುಗಳು ಬಿದ್ದಿರುತ್ತವೆ, ಶಕ್ತಿಯಿಲ್ಲದೆ ನಿಂತಿದ್ದರೆ ಸುಮ್ಮನೆ ಹಿಂದಕ್ಕೆ ಮಡಚಿರುತ್ತದೆ. ಕೈಯಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರ್ ಒತ್ತಡ ಕೊಡುತ್ತದೆಯೇ ಎಂದು ಬೆರಳಿಟ್ಟು ಪರೀಕ್ಷಿಸುತ್ತಾರೆ. ಎರಡೂ ಮ್ಯಾಗ್ನೆಟೊಗಳು ಕಿಡಿ ಕೊಡುತ್ತವೆಯೇ, ಸ್ಪಾರ್ಕ್ ಪ್ಲಗ್‌ಗಳಲ್ಲಿ ಮಸಿ ಕಟ್ಟಿದೆಯೇ, ಇಂಧನದಲ್ಲಿ ನೀರು ಸೇರಿದೆಯೇ, ಟ್ಯಾಂಕಿನ ಗಾಳಿಕಿಂಡಿಯಲ್ಲಿ ಕಣಜ ಮಣ್ಣುಗೂಡು ಕಟ್ಟಿದೆಯೇ, ಇಂಧನದ ಕವಾಟ ಯಾವ ಟ್ಯಾಂಕಿನ ಕಡೆ ತಿರುಗಿತ್ತು ಎಂದೆಲ್ಲ ಒಂದೊಂದಾಗಿ ನೋಡುತ್ತಾರೆ. ಕೊನೆಗೆ ಸಾಧ್ಯವಾದರೆ ಅದೇ ಎಂಜಿನ್ನನ್ನು ಕಟ್ಟೆಯ ಮೇಲೆ ಕೂರಿಸಿ ಚಾಲೂ ಮಾಡುತ್ತಾರೆ. ಆಗ ಅದು ಏನೂ ಆಗಿಲ್ಲವೆಂಬಂತೆ ಓಡುವುದುಂಟು. ಯಾವ ಎಂಜಿನ್ ಸೊರಗಿ ಒಂದು ವಿಮಾನವನ್ನು ಕೆಳಗಿಳಿಸಿತೋ ಅದೇ ಎಂಜಿನ್ ಪೂರ್ಣ ಶಕ್ತಿಯಲ್ಲಿ ಗರ್ಜಿಸುತ್ತದೆ. ವರದಿಯ ಕೊನೆಯಲ್ಲಿ ಅವರು ಬರೆಯುವ ಸಾಲು, ಎಂಜಿನ್ ಶಕ್ತಿ ಕುಂದಿದ್ದಕ್ಕೆ ಕಾರಣ ನಿರ್ಧರಿಸಲಾಗಲಿಲ್ಲ ಎಂಬುದು.

ಆ ಸಾಲಿನ ಹಿಂದೆ ಹಲವು ಸಲ ಇರಬಹುದಾದ ವಸ್ತು ಮಂಜುಗಡ್ಡೆ. ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ಹಾಯುವಾಗ ಒತ್ತಡ ಇಳಿಯುತ್ತದೆ, ಜೊತೆಗೆ ಪೆಟ್ರೋಲು ಆವಿಯಾಗುತ್ತದೆ; ಎರಡೂ ಸೇರಿ ಉಷ್ಣತೆಯನ್ನು ಮೂವತ್ತು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕುಗ್ಗಿಸಬಲ್ಲವು. ಗಾಳಿಯಲ್ಲಿ ತೇವ ಸಾಕಷ್ಟಿದ್ದರೆ ಹೊರಗೆ ಇಪ್ಪತ್ತು ಡಿಗ್ರಿಯ ಹಿತವಾದ ಹವೆ ಇದ್ದಾಗಲೂ ಒಳಗೆ ಮಂಜು ಕಟ್ಟುತ್ತದೆ. 21 ಡಿಗ್ರಿಗಿಂತ ಕೆಳಗೆ, ಶೇಕಡಾ 80ಕ್ಕಿಂತ ಹೆಚ್ಚು ತೇವವಿದ್ದಾಗ ಅಪಾಯ ಹೆಚ್ಚೆಂದು ಪೈಲಟ್‌ಗಳಿಗೆ ಕಲಿಸುತ್ತಾರೆ. ಅಪರೂಪಕ್ಕೆ 38 ಡಿಗ್ರಿಯಲ್ಲೂ ಕಟ್ಟಬಹುದು. ಮಂಜುಗಡ್ಡೆ ಎಂದೊಡನೆ ಹಿಮಾಲಯ ನೆನೆಯುವ ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ಬೆಂಗಳೂರು, ಬಿಡದಿ, ಮಾಗಡಿಯ ಮಳೆಗಾಲದ ಮತ್ತು ಚಳಿಗಾಲದ ಮುಂಜಾವು, ನಾವೆಲ್ಲ ಹೊಗಳಿಕೊಳ್ಳುವ ಈ ತಂಪು ಹವೆ, ಸರಿಯಾಗಿ ಆ ಅಪಾಯದ ಪಟ್ಟಿಯೊಳಗೇ ಬರುತ್ತದೆ. ಎಂಜಿನ್ ಸೊರಗುತ್ತದೆ, ವಿಮಾನ ಇಳಿಯುತ್ತದೆ, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಮಂಜು ಕೆಲವೇ ನಿಮಿಷಗಳಲ್ಲಿ ಕರಗುತ್ತದೆ, ನೀರು ಆವಿಯಾಗುತ್ತದೆ. ತನಿಖಾಧಿಕಾರಿ ಬರುವ ಹೊತ್ತಿಗೆ ಕಾರ್ಬುರೇಟರ್ ಒಣಗಿ ಚೊಕ್ಕಟವಾಗಿರುತ್ತದೆ. ಕೊಂದ ಆಯುಧವೇ ಕರಗಿ ಗಾಳಿಗೆ ಸೇರಿದ ಪ್ರಕರಣ ಇದು.

ರಾಮನಗರದ ಸೀಮೆಯಲ್ಲಿ ರೇಷ್ಮೆ ಹುಳು ಸಾಕುವವರಿಗೆ ಕಣ್ಮರೆಯಾದ ಕಾರಣ ಹೊಸದಲ್ಲ. ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಇಟ್ಟದ್ದನ್ನು ಯಾರೂ ಕಂಡಿರುವುದಿಲ್ಲ. ಹುಳು ಗೂಡು ಕಟ್ಟಿದ ಮೇಲೆ ಒಳಗಿನ ಮರಿ ಗೂಡು ತೂತು ಮಾಡಿಕೊಂಡು ಹೊರಬಿದ್ದು ಮಣ್ಣು ಸೇರುತ್ತದೆ. ರೈತನ ಕೈಗೆ ಸಿಗುವುದು ನೂಲು ಬಿಚ್ಚಲು ಬಾರದ ತೂತುಗೂಡು ಮಾತ್ರ. ಆದರೂ ಅವನು ಊಜಿ ಎಂದು ಖಚಿತವಾಗಿ ಹೇಳುತ್ತಾನೆ, ಏಕೆಂದರೆ ಆ ತೂತು ಇನ್ನಾವುದರ ತೂತೂ ಆಗಲಾರದು. ಕಾರಣ ಹೋದರೂ ಅದರ ಸಹಿ ಉಳಿದಿದೆ. ಕಾರ್ಬುರೇಟರಿನ ಮಂಜು ಸಹಿಯನ್ನೂ ಉಳಿಸದೆ ಹೋಗುತ್ತದೆ. ತತ್ತ್ವದ ಕಷ್ಟ ಹುಟ್ಟುವುದು ಇಲ್ಲಿ: ಕಾಣದಿರುವುದರಿಂದ ಏನನ್ನು ತಿಳಿಯಬಹುದು?

ಈ ಪ್ರಶ್ನೆಯನ್ನು ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆ ನೇರವಾಗಿ ಎತ್ತಿಕೊಂಡಿತು. ಒಂದು ವಸ್ತು ಇಲ್ಲವೆಂಬುದು ನಮಗೆ ತಿಳಿಯುವುದು ಹೇಗೆ? ಕಾಣಲಿಲ್ಲ ಎಂಬುದರಿಂದಲೇ, ಎಂದು ಅವರು ಅದನ್ನು ‘ಅನುಪಲಬ್ಧಿ’ ಎಂಬ ಸ್ವತಂತ್ರ ಪ್ರಮಾಣವಾಗಿ ಒಪ್ಪಿದರು. ಮುಂದೆ ಅದ್ವೈತಿಗಳೂ ಒಪ್ಪಿದರು. ಆದರೆ ಅದರ ಜೊತೆಗೊಂದು ಷರತ್ತು ಕಟ್ಟಿದರು. ಇದ್ದಿದ್ದರೆ ಕಂಡೇ ಕಾಣಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆಂದು ಹೇಳಬಹುದು. ಬೆಳಕಿರುವ ಕೋಣೆಯ ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಇದನ್ನು ‘ಯೋಗ್ಯಾನುಪಲಬ್ಧಿ’ ಎನ್ನುತ್ತಾರೆ. ವಿಮಾನದ ತನಿಖೆಗೆ ಈ ಒಂದು ಪದಕ್ಕಿಂತ ಹೆಚ್ಚು ಉಪಯುಕ್ತವಾದ ಪದವನ್ನು ನಾನು ಕಾಣೆ. ಮುರಿದ ಕ್ರ್ಯಾಂಕ್‌ಶಾಫ್ಟ್ ಇದ್ದಿದ್ದರೆ ಕಾಣಲೇಬೇಕಿತ್ತು. ಕಾಣಲಿಲ್ಲ, ಆದ್ದರಿಂದ ಅದು ಮುರಿದಿರಲಿಲ್ಲ. ಈ ಮಾತು ಸರಿ. ಮಂಜು ಕಾಣಲಿಲ್ಲ, ಆದ್ದರಿಂದ ಮಂಜಿರಲಿಲ್ಲ. ಈ ಮಾತು ತಪ್ಪು, ಏಕೆಂದರೆ ನೋಡುವ ಹೊತ್ತಿಗೆ ಅದು ಕಾಣಲು ಯೋಗ್ಯವಾದ ವಸ್ತುವಾಗಿ ಉಳಿದೇ ಇರಲಿಲ್ಲ. ‘ಎಂಜಿನ್ನಿನಲ್ಲಿ ದೋಷವೇ ಇರಲಿಲ್ಲ’ ಎಂಬುದಕ್ಕೂ ‘ಉಳಿದ ಭಾಗಗಳಲ್ಲಿ ಕಾಣಬಹುದಾದ ದೋಷವಿರಲಿಲ್ಲ’ ಎಂಬುದಕ್ಕೂ ನಡುವೆ ಇರುವ ಅಂತರ ಇಷ್ಟೇ. ಪೈಲಟ್‌ನ ಹೆಸರು ಉಳಿಯುವುದೋ ಹಾಳಾಗುವುದೋ ಎಂಬುದು ಈ ಅಂತರದೊಳಗೆ ನಿರ್ಧಾರವಾಗುತ್ತದೆ. ಎಂಜಿನ್ ಸರಿಯಾಗಿತ್ತು ಎಂದು ಒಮ್ಮೆ ಬರೆದುಬಿಟ್ಟರೆ ಉಳಿಯುವುದು ಮನುಷ್ಯ ಒಬ್ಬನೇ, ಅವನು ಉತ್ತರ ಕೊಡಲು ಬದುಕಿರುವುದಿಲ್ಲ.

ಈಗ ‘ಅದೃಷ್ಟ’ ಎಂಬ ಮಾತಿಗೆ ಬರಬೇಕು. ಲಾಟರಿ ಹೊಡೆದವನಿಗೂ ಅಪಘಾತದಲ್ಲಿ ಬದುಕಿದವನಿಗೂ ನಾವು ಅಂಟಿಸುವ ಈ ಪದದ ನೇರ ಅರ್ಥ ಕಾಣದ್ದು ಎಂದಷ್ಟೇ. ಕಣಾದನ ವೈಶೇಷಿಕ ಸೂತ್ರಗಳಲ್ಲಿ ಸೂಜಿ ಅಯಸ್ಕಾಂತದ ಕಡೆಗೆ ಸರಿಯುವುದಕ್ಕೆ, ಬೆಂಕಿಯ ನಾಲಗೆ ಮೇಲಕ್ಕೇ ಏಳುವುದಕ್ಕೆ, ಗಾಳಿ ಅಡ್ಡಡ್ಡ ಬೀಸುವುದಕ್ಕೆ ಅದೃಷ್ಟವೇ ಕಾರಣವೆಂದು ಹೇಳಿದೆ. ಕಾರಣವಿಲ್ಲವೆಂದು ಕಣಾದ ಹೇಳಲಿಲ್ಲ. ತಳ್ಳಿದ್ದು ಕಾಣುತ್ತಿಲ್ಲ, ಎಳೆದದ್ದು ಕಾಣುತ್ತಿಲ್ಲ, ಆದರೂ ಚಲನೆ ಆಗಿದೆ, ಆದ್ದರಿಂದ ಕಾಣದ ಕಾರಣವೊಂದು ಇದೆ ಎಂದ. ಇಲ್ಲೊಂದು ಆಕ್ಷೇಪ ಬರುವುದು ನ್ಯಾಯವೇ. ಅದೇ ಪದ ಪೂರ್ವಕರ್ಮದ ಫಲಕ್ಕೂ ಸಲ್ಲುತ್ತದೆ. ನ್ಯಾಯ ವೈಶೇಷಿಕರು ಅದೃಷ್ಟವೆಂದರೆ ಆತ್ಮಕ್ಕಂಟಿದ ಧರ್ಮಾಧರ್ಮಗಳೆಂದೇ ವಿವರಿಸಿದರು. ಹಾಗಿದ್ದ ಮೇಲೆ ‘ಹಣೆಬರಹ’ ಎಂಬ ಜನರ ಮಾತು ಶಾಸ್ತ್ರಕ್ಕೆ ಹೊರಗಿನದೇನೂ ಅಲ್ಲ. ಅಲ್ಲ, ನಿಜ. ಆದರೆ ಆ ಶಾಸ್ತ್ರಕಾರರು ಅದೃಷ್ಟವನ್ನು ಎಲ್ಲಿ ಇಟ್ಟರು ಎಂಬುದನ್ನು ನೋಡಬೇಕು. ಕಂಡ ಕಾರಣಗಳು ವಿವರಿಸಿ ಮುಗಿಸಿದ ಮೇಲೆ ಉಳಿದ ಜಾಗದಲ್ಲಿ ಇಟ್ಟರು. ಮಡಕೆ ಒಡೆದದ್ದಕ್ಕೆ ದೊಣ್ಣೆ ಕಣ್ಣೆದುರಿಗೇ ಇರುವಾಗ ಯಾವ ನೈಯಾಯಿಕನೂ ಅದೃಷ್ಟವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಸೂಜಿಯ ಚಲನೆಯನ್ನು ಇಂದು ನಾವು ಅದೃಷ್ಟವೆನ್ನುವುದಿಲ್ಲ. ಕಾಂತಕ್ಷೇತ್ರ ಕಂಡಿತು, ಪದ ಹಿಂದೆ ಸರಿಯಿತು. ನಮ್ಮ ಮಾತಿನಲ್ಲಿ ಆಗಿರುವುದು ಇದರ ತಿರುಗುಮುರುಗು. ತನಿಖೆ ಮುಗಿದ ಮೇಲೆ ಬರಬೇಕಾದ ಪದ ತನಿಖೆಗಿಂತ ಮೊದಲೇ ಬಂದು ಬಾಗಿಲಲ್ಲಿ ಕುಳಿತುಬಿಡುತ್ತದೆ.

ಭಗವದ್ಗೀತೆ ಈ ಕ್ರಮವನ್ನು ಇನ್ನೂ ಸ್ಪಷ್ಟವಾಗಿ ಇಟ್ಟಿದೆ ಎಂದು ನನಗೆ ತೋರುತ್ತದೆ. ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕರ್ಮ ನಡೆಯಲು ಐದು ಬೇಕೆಂಬ ಮಾತಿದೆ: ಆಧಾರವಾದ ನೆಲೆ, ಮಾಡುವವನು, ಬಗೆಬಗೆಯ ಉಪಕರಣಗಳು, ಬೇರೆಬೇರೆ ಚೇಷ್ಟೆಗಳು, ಐದನೆಯದಾಗಿ ದೈವ. ಆ ಐದನೆಯದನ್ನು ಶಂಕರರು ಇಂದ್ರಿಯಗಳಿಗೆ ನೆರವಾಗುವ ಸೂರ್ಯಾದಿ ದೇವತೆಗಳೆಂದು ವಿವರಿಸಿದರು. ನಮ್ಮ ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ರಾಮಾನುಜರು ಅಂತರ್ಯಾಮಿಯಾದ ಪರಮಾತ್ಮನೆಂದರು. ಯಾವ ಅರ್ಥ ಹಿಡಿದರೂ ದೈವ ಐದನೆಯದು, ಉಳಿದ ನಾಲ್ಕನ್ನು ನುಂಗಿ ಕೂತ ಒಂದೇ ಒಂದಲ್ಲ. ವಿಮಾನದ ಮಟ್ಟಿಗೆ ನೆಲೆಯೆಂದರೆ ಎತ್ತರ, ಹವೆ, ಕೆಳಗಿನ ನೆಲ; ಮಾಡುವವನು ಪೈಲಟ್; ಉಪಕರಣ ಎಂಜಿನ್ ಮತ್ತು ಅದರ ಭಾಗಗಳು; ಚೇಷ್ಟೆಯೆಂದರೆ ಕೊಟ್ಟ ಕ್ರಮ, ನಡೆಸಿದ ರೀತಿ, ನೆಲದಿಂದ ಬಂದ ಸೂಚನೆ. ಈ ನಾಲ್ಕನ್ನು ಪರಿಶೀಲಿಸದೆ ಐದನೆಯದಕ್ಕೆ ಹಾರುವವನು ಗೀತೆಯನ್ನು ಒಪ್ಪಿಕೊಂಡಂತೆ ಕಂಡರೂ ಅದರ ಎಣಿಕೆಯನ್ನು ಬಿಟ್ಟಿದ್ದಾನೆ. ಅದೇ ಅಧ್ಯಾಯ ಎರಡು ಶ್ಲೋಕಗಳ ನಂತರ, ಇಷ್ಟೆಲ್ಲ ಇರುವಾಗ ತಾನೊಬ್ಬನೇ ಕರ್ತೃವೆಂದು ತಿಳಿಯುವವನ ಬುದ್ಧಿ ಸಂಸ್ಕಾರವಿಲ್ಲದ್ದೆಂದು ಹೇಳುತ್ತದೆ. ಭಾಷ್ಯಕಾರರಿಗೆ ಅಲ್ಲಿ ಆತ್ಮದ ಪ್ರಶ್ನೆ ಮುಖ್ಯವೆಂಬುದು ನನಗೆ ಗೊತ್ತು. ಆ ಮಾತನ್ನು ನಾನು ಹಿಗ್ಗಿಸಿ ಓದುತ್ತಿದ್ದೇನೆ. ಆದರೆ ಹಿಗ್ಗಿಸಲು ಅದು ಅವಕಾಶ ಕೊಡುತ್ತದೆ. ತನ್ನನ್ನೇ ಏಕೈಕ ಕರ್ತೃವೆಂದುಕೊಳ್ಳುವುದು ಅವಿವೇಕವಾದರೆ, ಸತ್ತ ಪೈಲಟ್‌ನನ್ನು ಏಕೈಕ ಕರ್ತೃವೆಂದು ತೀರ್ಮಾನಿಸುವುದೂ ಅದೇ ಅವಿವೇಕ.

ನ್ಯಾಯಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ, ಸಾಮಗ್ರಿ. ಅಂಗಡಿ ಸಾಮಾನಿಗೆ ನಾವು ಬಳಸುವ ಈ ಪದ ಅಲ್ಲಿ ಎಲ್ಲ ಕಾರಣಗಳ ಪೂರ್ಣ ಕೂಟ; ಕೂಟ ಪೂರ್ತಿಯಾದಾಗ ಕಾರ್ಯ ಹುಟ್ಟುತ್ತದೆ, ಒಂದು ಕಡಿಮೆಯಾದರೂ ಹುಟ್ಟದು. ಶೇಷಗಿರಿಹಳ್ಳಿಯಲ್ಲಿ ಬಿದ್ದ ವಿಮಾನದ ತನಿಖೆ ಹೀಗೊಂದು ಸಾಮಗ್ರಿಯನ್ನೇ ಪಟ್ಟಿ ಮಾಡಿತು: ಕ್ರಮ ಬರೆದವರು, ಕೇಳಬೇಕಾದವರನ್ನು ಕೇಳದಿದ್ದದ್ದು, ಎತ್ತರ, ಯತ್ನ ಕೈಬಿಡದಿದ್ದದ್ದು, ಕಾಕ್‌ಪಿಟ್‌ನೊಳಗಿನ ಹೊಂದಾಣಿಕೆ. ಇವುಗಳಲ್ಲಿ ಒಂದು ಬೇರೆಯಾಗಿದ್ದರೂ ಮೂವರು ಸಂಜೆ ಮನೆಗೆ ಹೋಗಿರುತ್ತಿದ್ದರು. ‘ಎಲ್ಲರೂ ಕಾರಣವೆಂದರೆ ಯಾರೂ ಹೊಣೆಯಲ್ಲ ಎಂದಂತಾಯಿತಲ್ಲ’ ಎಂದು ಕೇಳುವವರಿದ್ದಾರೆ. ಈ ಆಕ್ಷೇಪ ಹಗುರವಾದದ್ದಲ್ಲ, ಅದರ ಉದಾಹರಣೆ ಬೈರಮಂಗಲದಲ್ಲೇ ನಿಂತಿದೆ. ವೃಷಭಾವತಿ ನದಿ ಬೆಂಗಳೂರಿನ ಮನೆಮನೆಯ ಕೊಳೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತಂದು ಆ ಕೆರೆಗೆ ಸುರಿಯುತ್ತದೆ, ನೊರೆ ಏಳುತ್ತದೆ, ಕೆಳಗಿನ ಹೊಲಗಳಿಗೆ ಅದೇ ನೀರು. ಕಾರಣ ಅಲ್ಲಿ ಅದೃಷ್ಟವಲ್ಲ, ಪೂರ್ತಿ ದೃಷ್ಟ. ಮೂಗು ಮುಚ್ಚಿಕೊಂಡವರಿಗೂ ಕಾಣುತ್ತದೆ. ಲಕ್ಷಾಂತರ ಕೈಗಳಿಗೆ ಹಂಚಿಹೋದದ್ದರಿಂದ ಅದು ಯಾರ ತಪ್ಪೂ ಅಲ್ಲದಂತಾಗಿ, ಆ ಊರಿನವರ ಹಣೆಬರಹವೆಂಬ ಮಾತಿನೊಳಗೆ ಹೂತುಹೋಗುವ ಅಪಾಯವಿದೆ. ಇದು ನನ್ನನ್ನು ನೋಯಿಸುತ್ತದೆ. ಆದರೆ ಇದಕ್ಕೆ ಸಾಮಗ್ರಿಯ ವಿಚಾರ ಕಾರಣವಲ್ಲ, ಅದನ್ನು ಅರ್ಧಕ್ಕೆ ಬಿಟ್ಟದ್ದು ಕಾರಣ. ಕೂಟವನ್ನು ಪೂರ್ತಿ ಬಿಡಿಸಿದರೆ ಯಾರ ಕೈಯಲ್ಲಿ ಯಾವ ಭಾಗವಿತ್ತು, ಅವರು ಅದನ್ನು ಬೇರೆಯಾಗಿಸಬಹುದಿತ್ತೇ ಎಂಬುದು ಒಂದೊಂದಾಗಿ ಹೊರಬರುತ್ತದೆ. ಪ್ರೊಪೆಲ್ಲರ್ ಮಾಡಿದವರನ್ನು ಕೇಳುವುದು ಒಬ್ಬರ ಕೈಯಲ್ಲಿತ್ತು. ಹಂಚಿದ ಮಾತ್ರಕ್ಕೆ ಹೊಣೆ ಕರಗುವುದಿಲ್ಲ, ಅದಕ್ಕೆ ವಿಳಾಸ ಸಿಗುತ್ತದೆ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪ ವಿಚಾರವಾದಿಗಳದು. ಕಾರಣ ನಿರ್ಧರಿಸಲಾಗಲಿಲ್ಲ ಎಂದು ಬರೆಯುವುದು ಸೋಲನ್ನು ಒಪ್ಪಿಕೊಂಡಂತೆ, ಆ ಖಾಲಿ ಜಾಗಕ್ಕೇ ಮೂಢನಂಬಿಕೆ ನುಗ್ಗುವುದು. ಹವೆ ತೇವವಾಗಿತ್ತು, ಬೇರೆ ದೋಷ ಸಿಗಲಿಲ್ಲ, ಮಂಜು ಎಂದು ಬರೆದು ಮುಗಿಸಬಾರದೇಕೆ? ಇಲ್ಲಿ ಮೀಮಾಂಸಕರ ಇನ್ನೊಂದು ಪ್ರಮಾಣ, ಅರ್ಥಾಪತ್ತಿ, ನೆನಪಾಗುತ್ತದೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಕಂಡದ್ದು ಹೊಂದಿಕೆಯಾಗಬೇಕಾದರೆ ಕಾಣದ್ದನ್ನು ಒಪ್ಪಲೇಬೇಕು ಎಂಬುದು ಇದರ ಬಲ. ಬೇರೆ ಯಾವ ರೀತಿಯಲ್ಲೂ ಹೊಂದಿಕೆಯಾಗದು ಎಂಬುದು ಸಿದ್ಧವಾದರೆ ಮಾತ್ರ ಆ ಬಲ. ಮಂಜಿಗೆ ಅನುಕೂಲ ಹವೆ ಇತ್ತೆಂಬುದು ಮಂಜು ಕಟ್ಟಿತೆಂಬುದಕ್ಕೆ ಸಾಕ್ಷಿಯಲ್ಲ. ಅದೇ ಬೆಳಗ್ಗೆ ಅದೇ ಹವೆಯಲ್ಲಿ ಇನ್ನೆಷ್ಟೋ ವಿಮಾನಗಳು ಸುಖವಾಗಿ ಹಾರಿರುತ್ತವೆ. ಇಂಧನದ ಕೊಳವೆಯಲ್ಲಿ ಎದ್ದ ಆವಿಯ ಗುಳ್ಳೆ ಕೂಡ ಗುರುತುಳಿಸದೆ ಹೋಗಬಲ್ಲದು. ಬಿಸಿಯಾದಾಗ ಮಾತ್ರ ಕೈಕೊಟ್ಟು ತಣ್ಣಗಾದ ಮೇಲೆ ಸರಿಯಾಗಿ ಕಿಡಿ ಕೊಡುವ ಮ್ಯಾಗ್ನೆಟೊ ಕೂಡ. ಸಿಗದ ಕಾರಣಗಳಿಗೆಲ್ಲ ಮಂಜೆಂದು ಹೆಸರಿಟ್ಟುಬಿಟ್ಟರೆ ಹಾಳಾದ ಮ್ಯಾಗ್ನೆಟೊ ಇನ್ನೊಂದು ವಿಮಾನದಲ್ಲಿ ಹಾಗೆಯೇ ಹಾರುತ್ತಿರುತ್ತದೆ. ವಿಜ್ಞಾನದ ವೇಷ ತೊಟ್ಟ ಮಾತ್ರಕ್ಕೆ ಅವಸರದ ತೀರ್ಮಾನ ಹಣೆಬರಹಕ್ಕಿಂತ ಮೇಲಾಗುವುದಿಲ್ಲ; ಎರಡೂ ಹುಡುಕಾಟವನ್ನು ನಿಲ್ಲಿಸುತ್ತವೆ.

ಹಾಗಾದರೆ ಕರಗಿಹೋದದ್ದನ್ನು ತಿಳಿಯಲು ದಾರಿಯೇ ಇಲ್ಲವೇ ಎಂದರೆ, ಇದೆ. 2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನ ಲಂಡನ್ನಿನ ಹೀಥ್ರೂನಲ್ಲಿ ಇಳಿಯುವಾಗ ಎರಡೂ ಎಂಜಿನ್‌ಗಳು ಕೇಳಿದಷ್ಟು ಶಕ್ತಿ ಕೊಡಲಿಲ್ಲ. ವಿಮಾನ ರನ್‌ವೇಗೆ ಮುಂಚೆಯೇ ಹುಲ್ಲಿನ ಮೇಲೆ ಕುಸಿಯಿತು; ಒಳಗಿದ್ದ 152 ಜನರೂ ಉಳಿದರು. ಎಂಜಿನ್ ತೆರೆದು ನೋಡಿದರೆ ಮುರಿದದ್ದೇನೂ ಇಲ್ಲ. ತನಿಖೆಯವರು ಸುಲಭದ ಉತ್ತರ ಬರೆಯಲಿಲ್ಲ, ಕೈಚೆಲ್ಲಲೂ ಇಲ್ಲ. ಇಂಧನ ವ್ಯವಸ್ಥೆಯ ಭಾಗಗಳನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಜೋಡಿಸಿ, ದೀರ್ಘ ಹಾರಾಟದ ತಣ್ಣನೆಯ ಇಂಧನ ಹರಿಸಿ, ಅದರಲ್ಲಿ ಸಹಜವಾಗಿಯೇ ಇರುವ ನೀರಿನ ಅಂಶ ಕೊಳವೆಯ ಗೋಡೆಗೆ ಮೃದು ಮಂಜಾಗಿ ಅಂಟುತ್ತದೆ, ಇಂಧನ ರಭಸವಾಗಿ ಹರಿದಾಗ ಒಮ್ಮೆಲೇ ಕಳಚಿ ಬಂದು ಇಂಧನವನ್ನು ಬೆಚ್ಚಗೆ ಮಾಡುವ ಸಾಧನದ ಬಾಯಿಗೆ ಅಡ್ಡವಾಗುತ್ತದೆ ಎಂದು ತೋರಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಆಕಾಶದಲ್ಲಿ ಅದೇ ಬಗೆಯ ಎಂಜಿನ್ನಿನ ಇನ್ನೊಂದು ವಿಮಾನ ಹಾಗೆಯೇ ಸೊರಗಿ ಚೇತರಿಸಿಕೊಂಡಾಗ ಊಹೆಗೆ ಆಧಾರ ಸಿಕ್ಕಿತು. ಕೊನೆಯ ವರದಿ ಬಂದದ್ದು 2010ರಲ್ಲಿ. ಆ ಸಾಧನದ ವಿನ್ಯಾಸವನ್ನೇ ಬದಲಿಸಿದರು. ಇದು ಒಪ್ಪಬಹುದಾದ ಅರ್ಥಾಪತ್ತಿ: ಬೇರೆ ದಾರಿಗಳನ್ನು ಒಂದೊಂದಾಗಿ ಮುಚ್ಚಿ, ಉಳಿದದ್ದನ್ನು ಕಣ್ಣೆದುರು ಮಾಡಿ ತೋರಿಸಿದ್ದು. ಒಂಟಿ ಎಂಜಿನ್ನಿನ ಪುಟ್ಟ ವಿಮಾನಕ್ಕೆ ಇಷ್ಟು ಹಣ, ಇಷ್ಟು ಕಾಲ ಯಾರೂ ಕೊಡುವುದಿಲ್ಲ. ಅದು ಲೋಕದ ಬಡತನ, ಜ್ಞಾನದ ಮಿತಿಯಲ್ಲ. ಆ ಎರಡನ್ನು ಬೆರೆಸಬಾರದು.

ಉಳಿದದ್ದು ಮನಸ್ಸಿಗೆ ಹತ್ತಿರದ ಆಕ್ಷೇಪ. ಮಗನನ್ನು ಕಳೆದುಕೊಂಡ ತಾಯಿಗೆ ‘ನಿರ್ಧರಿಸಲಾಗಲಿಲ್ಲ’ ಎಂಬ ಮಾತಿನಿಂದ ಏನು ಸಮಾಧಾನ? ವಿಧಿ ಎಂದರೆ ಕೊನೆಗೆ ಅಳಲು ಒಂದು ಆಸರೆಯಾದರೂ ಸಿಗುತ್ತದೆ. ಸಾವಿನ ಮನೆಯಲ್ಲಿ ಆಡುವ ಆ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಅಲ್ಲಿ ‘ಅವನ ಋಣ ಅಷ್ಟೇ ಇತ್ತಮ್ಮ’ ಎನ್ನುವ ನೆರೆಯ ಹೆಂಗಸು ಕಾರಣ ಹೇಳುತ್ತಿಲ್ಲ, ಪಕ್ಕದಲ್ಲಿ ಕೂರುತ್ತಿದ್ದಾಳೆ. ಆ ಮಾತಿನ ಕೆಲಸವೇ ಬೇರೆ. ಅದನ್ನು ಪ್ರಮಾಣಶಾಸ್ತ್ರದ ತಕ್ಕಡಿಯಲ್ಲಿ ತೂಗುವುದು ಕ್ರೌರ್ಯ. ನನ್ನ ತಕರಾರು ಅದೇ ಮಾತು ಮನೆಯ ಜಗಲಿಯಿಂದ ಎದ್ದು ಕಚೇರಿಯ ಕಡತಕ್ಕೆ ಹೋಗುವುದರ ಬಗ್ಗೆ. ಜಗಲಿಯಲ್ಲೂ ಅದಕ್ಕೊಂದು ಮರೆಯಾದ ಬೆಲೆಯಿದೆ: ಸತ್ತವನ ಪೂರ್ವಕರ್ಮವೇ ಹಾಗಿತ್ತು ಎಂಬ ಧ್ವನಿ ಅದರೊಳಗೆ ನುಸುಳಿದರೆ, ಗುಟ್ಟಾಗಿ ಅವನನ್ನೇ ಅಪರಾಧಿ ಮಾಡಿದಂತಾಗುತ್ತದೆ. ಹೋಲಿಸಿದರೆ ‘ಎಲ್ಲ ನೋಡಿದೆವು, ನಿಮ್ಮ ಮಗನ ತಪ್ಪೆನ್ನಲು ನಮಗೆ ಆಧಾರ ಸಿಗಲಿಲ್ಲ, ಕಾರಣವೂ ಸಿಗಲಿಲ್ಲ’ ಎಂಬ ಒಣ ವಾಕ್ಯ ಆ ತಾಯಿಗೆ ಹೆಚ್ಚು ಗೌರವ ಕೊಡುತ್ತದೆಂದು ನನ್ನ ನಂಬಿಕೆ. ಅದರಲ್ಲಿ ಸುಳ್ಳಿಲ್ಲ. ಸತ್ಯವನ್ನು ವ್ರತವೆಂದು ಎಣಿಸಿದ ಧರ್ಮಗಳ ನಾಡಿನಲ್ಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆದು ಸಹಿ ಹಾಕುವುದೂ ಆ ವ್ರತದ ಭಾಗವೇ.

ವಿಮಾನ ಅಪಘಾತಗಳ ತನಿಖೆಗೆ ಜಗತ್ತಿನ ದೇಶಗಳು ಒಪ್ಪಿಕೊಂಡ ನಿಯಮಾವಳಿ, ಷಿಕಾಗೊ ಒಪ್ಪಂದದ ಹದಿಮೂರನೆಯ ಅನುಬಂಧ, ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದು, ತಪ್ಪು ಹೊರಿಸುವುದಲ್ಲ ಎನ್ನುತ್ತದೆ. ಅದರಲ್ಲೇ ಇನ್ನೊಂದು ವಿಧಿಯಿದೆ (ಕಾನೂನಿನ ವಿಧಿಗೂ ಹಣೆಬರಹದ ವಿಧಿಗೂ ನಮ್ಮಲ್ಲಿ ಒಂದೇ ಪದ): ತನಿಖೆ ಮುಗಿದ ಮೇಲೂ ಹೊಸದಾದ, ಮಹತ್ವದ ಸಾಕ್ಷ್ಯ ದೊರೆತರೆ ಅದನ್ನು ಮತ್ತೆ ತೆರೆಯತಕ್ಕದ್ದು. ಕಾರಣ ನಿರ್ಧರಿಸಲಾಗಲಿಲ್ಲ ಎಂದು ಬರೆದ ಕಡತಕ್ಕೆ ಹೀಗೆ ತೆರೆದುಕೊಳ್ಳುವ ಶಕ್ತಿಯಿದೆ. ಕಾಣದೆ ಕರಗುವ ಮಂಜಿನ ವಿರುದ್ಧ ಒಂದು ಸಣ್ಣ ಅಭ್ಯಾಸ ಇಂದಿಗೂ ನಡೆಯುತ್ತಿದೆ. ಕಾರ್ಬುರೇಟರ್ ಇರುವ ವಿಮಾನದ ಪೈಲಟ್ ಮೇಲೇಳುವ ಮೊದಲು ರನ್‌ವೇ ಪಕ್ಕದಲ್ಲಿ ನಿಂತು ಒಂದು ಗುಬುಟು ಎಳೆಯುತ್ತಾನೆ. ಹೊಗೆ ಕೊಳವೆಯ ಸುತ್ತ ಕಾದ ಗಾಳಿ ಕಾರ್ಬುರೇಟರಿಗೆ ನುಗ್ಗುತ್ತದೆ, ಎಂಜಿನ್ನಿನ ಸುತ್ತು ತುಸು ಇಳಿಯುತ್ತದೆ, ಗುಬುಟು ಒಳದೂಡಿದರೆ ಮತ್ತೆ ಏರುತ್ತದೆ. ಆಕಾಶದಲ್ಲಿ ನಿಜಕ್ಕೂ ಮಂಜು ಕಟ್ಟಿದ್ದಾಗ ಅದೇ ಗುಬುಟು ಎಳೆದರೆ ಕರಗಿದ ನೀರು ಒಳಸೇರಿ ಎಂಜಿನ್ ಮೊದಲಿಗಿಂತ ಹೆಚ್ಚು ಒದ್ದಾಡುತ್ತದೆ. ತಪ್ಪು ಮಾಡಿದೆನೇನೋ ಎಂದು ಕೈ ಹಿಂದೆಗೆಯಲು ಹವಣಿಸುತ್ತದೆ. ಹಿಂದೆಗೆಯಬಾರದು. ಎಂಜಿನ್ ಪೂರ್ತಿ ನಿಂತರೆ ಆ ಬಿಸಿಯೂ ನಿಲ್ಲುತ್ತದೆ, ಆಮೇಲೆ ಎಳೆದು ಫಲವಿಲ್ಲ. ಆದ್ದರಿಂದ ಶಿಕ್ಷಕರು ಕಲಿಯುವವರಿಗೆ ಹೇಳಿಕೊಡುತ್ತಾರೆ: ಎಂಜಿನ್ ಒದ್ದಾಡಲಿ, ಗುಬುಟು ಹೊರಗೇ ಇರಲಿ, ನೀರು ಹೋಗಿ ಮುಗಿಯುವವರೆಗೆ ಕಾಯಿರಿ.